ಹಮ್ಮಿಗಿಗೆ ಬಂದ ರೈಲು

ನಮ್ಮೂರು ಹಮ್ಮಿಗಿ. ಗದಗ ಜಿಲ್ಲೆಯ ಮುಂಡರಗಿ ತಾಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೇಲಿದೆ. ಹೊಳೆ ಇದೆ, ಹೊಳೆಗೆ ಬ್ಯಾರೇಜ್ ಇದೆ, ಊರಿಗೆ ಬಸ್ಸಿದೆ. ರೈಲು ಮಾತ್ರ ಇಲ್ಲ. ತಾಲೂಕು ಕೇಂದ್ರವಾದ ಮುಂಡರಗಿಗೂ ಇಲ್ಲ. ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಗದಗಕ್ಕೆ ಹೋದರೆ ನಮಗೆ ರೈಲು ಸಿಗುತ್ತದೆ. ಹೀಗಿದ್ದೂ 2025ರ ಬೇಸಿಗೆಯಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಹದಿನೈದು ದಿನ ರೈಲು ಓಡಿತು. ಓಡಿಸಿದವರಲ್ಲಿ ನಾವೂ ಒಬ್ಬರು.

ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುತ್ತಿರುವ ನಮ್ಮ ಅಕ್ಕನ ಮಗ ರಜೆಗೆಂದು ಬರುವಾಗ ಲ್ಯಾಪ್‌ಟಾಪ್ ತಂದಿದ್ದ. ಕಂಪ್ಯೂಟರ್ ಆಟಗಳ ಬಗ್ಗೆ ನಮಗೆ ಎಂದೂ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಬಂದೂಕು ಹಿಡಿದು ಓಡುವುದು, ಎದುರಿಗೆ ಬಂದವರನ್ನೆಲ್ಲ ಹೊಡೆದು ಕೆಡವುವುದು, ಅದಕ್ಕೆ ಅಂಕ ಪಡೆಯುವುದು. ಇಷ್ಟೇ ನಾವು ಕಂಡಿದ್ದು. ಹುಡುಗ ಊಟದ ಪರಿವೆಯೂ ಇಲ್ಲದೆ ಪರದೆಯ ಮುಂದೆ ಕುಳಿತಾಗ ನಾವು ಗದರಿಸಲು ಹೋದೆವು. ಅವನು ತಿರುಗಿಯೂ ನೋಡದೆ ಹೇಳಿದ:

“ಮಾಮಾ, ಇದರಾಗ ಯಾರನ್ನೂ ಕೊಲ್ಲೂದಿಲ್ರಿ. ಟೈಮಿಗೆ ಸರಿಯಾಗಿ ಸ್ಟೇಶನ್ನಿಗೆ ಹೋಗಿ ನಿಲ್ಲಬೇಕು, ಅಷ್ಟ.”

“ನಿಂತರ ಏನ ಸಿಗತೈತಿ?”

“ಏನೂ ಸಿಗೂದಿಲ್ರಿ. ಮುಂದಿನ ಸ್ಟೇಶನ್ನಿಗೆ ಹೋಗೂದು.”

ಏನೂ ಸಿಗದ ಆಟವೊಂದು ಲೋಕದಲ್ಲಿದೆ ಎಂಬುದೇ ನಮಗೆ ಹೊಸ ಸಂಗತಿ. ಗದರಿಸಲು ಹೋದವರು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕುಳಿತೆವು.

ಇದಕ್ಕೆ ಸಿಮ್ಯುಲೇಟರ್ ಎನ್ನುತ್ತಾರೆ. ನಿಜದ ಯಂತ್ರ ಹೇಗೆ ನಡೆದುಕೊಳ್ಳುತ್ತದೆಯೋ ಹಾಗೆಯೇ ನಡೆದುಕೊಳ್ಳುವ ಸುಳ್ಳು ಯಂತ್ರ. ವಿಮಾನದ ಪೈಲಟ್‌ಗಳು ಇಂಥದ್ದರಲ್ಲೇ ಕಲಿಯುತ್ತಾರೆ. ನಮ್ಮ ರೈಲ್ವೆಯೂ ಲೋಕೋ ಪೈಲಟ್‌ಗಳ ತರಬೇತಿಗೆ ಸಿಮ್ಯುಲೇಟರ್‌ಗಳನ್ನು ಇಟ್ಟುಕೊಂಡಿದೆ. ಮನೆಯ ಕಂಪ್ಯೂಟರಿಗೆ ಇದನ್ನು ದೊಡ್ಡ ಮಟ್ಟದಲ್ಲಿ ತಂದದ್ದು 2001ರಲ್ಲಿ ಬಂದ ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರ್. ಅದರಲ್ಲಿ ಆರು ಮಾರ್ಗಗಳಿದ್ದವು: ಇಂಗ್ಲೆಂಡಿನದೊಂದು, ಆಸ್ಟ್ರಿಯಾದದ್ದೊಂದು, ಅಮೆರಿಕದವೆರಡು, ಜಪಾನಿನವೆರಡು. ಭಾರತದ್ದು ಒಂದೂ ಇರಲಿಲ್ಲ. ಆದರೆ ಹೊಸ ಎಂಜಿನ್, ಹೊಸ ಮಾರ್ಗ ಸೇರಿಸಲು ಅದರಲ್ಲಿ ಅವಕಾಶವಿತ್ತು. ನಮ್ಮ ದೇಶದ ಹವ್ಯಾಸಿಗಳು ಅಷ್ಟರಿಂದಲೇ ಕೆಲಸ ಶುರು ಮಾಡಿದರು. ಕೆಲಸ ಮುಗಿಸಿ ಬಂದು ರಾತ್ರಿ ನಿದ್ದೆಗೆಟ್ಟು ನಮ್ಮ ಡೀಸೆಲ್ ಎಂಜಿನ್, ನೀಲಿ ಡಬ್ಬಿಗಳು, ಹಳದಿ ಹಲಗೆಯ ಸ್ಟೇಶನ್ನುಗಳನ್ನು ಒಂದೊಂದಾಗಿ ತಯಾರಿಸಿ ಪುಕ್ಕಟೆಯಾಗಿ ಹಂಚಿದರು. ಕಂಪನಿ ಈ ಆಟವನ್ನು ಕೈಬಿಟ್ಟ ಮೇಲೂ ಅವರು ಬಿಡಲಿಲ್ಲ. ಆ ಹಳೆಯ ಸಾಮಗ್ರಿಯನ್ನೇ ಬಳಸಿಕೊಂಡು ನಡೆಯುವ ಓಪನ್ ರೈಲ್ಸ್ ಎಂಬ ತಂತ್ರಾಂಶವನ್ನು ಹಲವು ದೇಶಗಳ ಸ್ವಯಂಸೇವಕರು ಸೇರಿ ಕಟ್ಟಿದ್ದಾರೆ. ಅದಕ್ಕೆ ಬೆಲೆಯಿಲ್ಲ. ನಮ್ಮ ಹುಡುಗನ ಲ್ಯಾಪ್‌ಟಾಪಿನಲ್ಲಿದ್ದದ್ದು ಅದೇ.

ಮೊದಲು ಅವನು ಇಂಗ್ಲೆಂಡಿನ ಸೆಟ್ಲ್–ಕಾರ್ಲೈಲ್ ಮಾರ್ಗ ತೋರಿಸಿದ. ಹಸಿರು ಗುಡ್ಡ, ಕಲ್ಲಿನ ಬೇಲಿ, ಹೊಗೆ ಉಗುಳುವ ಎಂಜಿನ್. ರಿಬ್ಬಲ್‌ಹೆಡ್ ಎಂಬಲ್ಲಿ 24 ಕಮಾನುಗಳ ಕಲ್ಲಿನ ಸೇತುವೆ ಬರುತ್ತದೆ. ನೋಡಲು ಕಣ್ಣಿಗೆ ಹಬ್ಬ. 1870ರ ದಶಕದಲ್ಲಿ ಆ ಮಾರ್ಗ ಕಟ್ಟುವಾಗ ಕೂಲಿಗಾರರು ಅಲ್ಲೇ ಗುಡಿಸಲು ಹಾಕಿಕೊಂಡು ಹೆಂಡತಿ ಮಕ್ಕಳೊಡನೆ ಇದ್ದರು. ಅಪಘಾತ, ಸಿಡುಬುಗಳಿಂದ ಸತ್ತವರನ್ನು ಸಮೀಪದ ಚಾಪೆಲ್‌-ಲೆ-ಡೇಲ್ ಎಂಬ ಊರಿನ ಚರ್ಚಿನ ಅಂಗಳದಲ್ಲಿ ಹೂಳಿದರು. ಆಟದಲ್ಲಿ ಸೇತುವೆ ಇದೆ, ಗುಡಿಸಲುಗಳಿಲ್ಲ. ಆಗ ನಾವು ಇದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

“ಈಗ ನೀವು ಹೊಡೀರಿ” ಎಂದು ಹುಡುಗ ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿದ. ಮಾರ್ಗ ಬದಲಿಸಿ ನಮ್ಮ ದೇಶದ ಎಂಜಿನ್ ತಂದು ನಿಲ್ಲಿಸಿದ್ದ. ಹುಬ್ಬಳ್ಳಿ ಡೀಸೆಲ್ ಶೆಡ್ಡಿನ, 4,000 ಅಶ್ವಶಕ್ತಿಯ ಡಬ್ಲ್ಯುಡಿಜಿ–4. ಅದರ ಹಿಂದೆ ಅದಿರು ತುಂಬಿದ 58 ವ್ಯಾಗನ್. ಬಳ್ಳಾರಿ, ಹೊಸಪೇಟೆ ಕಡೆಯಿಂದ ಗದಗದ ಮೇಲೆ ಹಾದು ಗೋವೆಗೆ ಹೋಗುತ್ತಿದ್ದ ಅಂಥ ಗಾಡಿಗಳನ್ನು ನಾವು ಎಷ್ಟೋ ಸಲ ಗೇಟಿನಲ್ಲಿ ನಿಂತು, ಬೇಸರದಿಂದ ವ್ಯಾಗನ್ ಎಣಿಸುತ್ತ ನೋಡಿದ್ದೇವೆ. ಎಳೆಯುವವನ ಕಡೆಯಿಂದ ನೋಡಿರಲಿಲ್ಲ.

ಹೊರಡಿಸುವುದು ಸುಲಭ. ಡಬ್ಲ್ಯು ಒತ್ತಿದರೆ ಎಂಜಿನ್ನಿನ ಮುಖ ಮುಂದಕ್ಕೆ. ಬ್ರೇಕ್ ಸಡಿಲಿಸಿ ಡಿ ಒತ್ತುತ್ತ ಹೋದರೆ ಶಕ್ತಿ ಒಂದೊಂದೇ ನಾಚ್ ಏರುತ್ತದೆ. ಒಟ್ಟು ಎಂಟು ನಾಚ್. ಒಂದರಲ್ಲಿ ಏನೂ ಆಗಲಿಲ್ಲ. ಎರಡರಲ್ಲೂ ಆಗಲಿಲ್ಲ. ಕೆಟ್ಟಿದೆಯೇನೋ ಎಂದು ನಾವು ಒಮ್ಮೆಲೇ ಆರಕ್ಕೆ ಏರಿಸಿದೆವು. ಎಂಜಿನ್ ಗುಡುಗಿತು, ಹಿಂದಿನಿಂದ ಕೊಂಡಿಗಳು ಒಂದಾದ ಮೇಲೊಂದು ಬಿಗಿಯುವ ಸದ್ದು ಬಂತು. ಮೊದಲ ವ್ಯಾಗನ್ ಚಲಿಸಿದಾಗ ಕೊನೆಯದಿನ್ನೂ ನಿಂತಲ್ಲೇ ಇತ್ತು. ನಾಲ್ಕು ಸಾವಿರ ಟನ್ನಿಗೂ ಮೀರಿದ ಭಾರ ನಮ್ಮ ಬೆರಳ ತುದಿಯಲ್ಲಿ ನಿಧಾನವಾಗಿ ಎಚ್ಚೆತ್ತಿತು. ಗಂಟೆಗೆ 60 ಕಿಲೋಮೀಟರ್ ಮುಟ್ಟುವಷ್ಟರಲ್ಲಿ ನಾವು ಹೆಗಲಿಗೆ ವಲ್ಲಿ ಹಾಕಿಕೊಂಡು ಕಿಟಕಿಯಿಂದ ತಲೆ ಹೊರಹಾಕುವ ಡ್ರೈವರ್ ಸಾಹೇಬರೇ ಆಗಿಬಿಟ್ಟಿದ್ದೆವು.

ದೂರದಲ್ಲಿ ಹಳದಿ ದೀಪ ಕಂಡಿತು. ಮುಂದಿನದು ಕೆಂಪು ಎಂದು ಅದರ ಅರ್ಥ. ಹುಡುಗ “ಮಾಮಾ, ಹಿಡೀರಿ” ಎಂದ. ಇನ್ನೂ ಬಹಳ ದೂರವಿದೆಯಲ್ಲ ಎಂದು ನಾವು ಗತ್ತಿನಲ್ಲೇ ಇದ್ದೆವು. ಕೆಂಪು ಕಣ್ಣಿಗೆ ಬಿದ್ದ ಮೇಲೆ ಬ್ರೇಕ್ ಒತ್ತಿದೆವು. ಗಾಡಿ ಕೇಳಲಿಲ್ಲ. ಇನ್ನಷ್ಟು ಒತ್ತಿದೆವು. ವೇಗ 52, 47, 41 ಎಂದು ಇಳಿಯುತ್ತಿತ್ತು, ಸಿಗ್ನಲ್ ಮಾತ್ರ ನಮ್ಮ ಕಡೆಗೆ ಅದೇ ಓಟದಲ್ಲಿ ಬರುತ್ತಿತ್ತು. ಕೊನೆಗೆ ತುರ್ತು ಬ್ರೇಕ್ ಹಾಕಿದಾಗ ಕೆಂಪು ದೀಪ ನಮ್ಮ ತಲೆಯ ಮೇಲಿಂದ ಹಿಂದಕ್ಕೆ ಹೋಯಿತು. ಪರದೆ ನಿಂತು, ಸಿಗ್ನಲ್ ದಾಟಿದ ಕಾರಣ ಓಟ ಮುಗಿಯಿತು ಎಂದು ಬರೆದು ತೋರಿಸಿತು. ಅಪಘಾತದ ಸದ್ದಿಲ್ಲ, ಬೆಂಕಿಯಿಲ್ಲ. ಆದರೂ ಮೈ ಬೆವರಿತ್ತು.

ಹುಡುಗ ನಗಲಿಲ್ಲ. ಬ್ರೇಕಿನ ಮರ್ಮವನ್ನು ಬಿಡಿಸಿ ಹೇಳಿದ. ಸೈಕಲ್ಲಿನಲ್ಲಿ ಬ್ರೇಕ್ ಹಿಡಿಯುವುದೆಂದರೆ ಜೋರು ಹಾಕುವುದು. ರೈಲಿನಲ್ಲಿ ಹಿಡಿಯುವುದೆಂದರೆ ಗಾಳಿ ಬಿಡುವುದು. ಎಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೆ ಒಂದು ಕೊಳವೆ ಹೋಗುತ್ತದೆ. ಅದರಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡದ ಗಾಳಿ ತುಂಬಿದ್ದರೆ ಗಾಲಿಗಳು ಬಿಡುಗಡೆ. ಗಾಳಿ ಕಡಿಮೆಯಾದಂತೆ ಪ್ರತಿ ಡಬ್ಬಿಯ ಬ್ರೇಕೂ ತಾನಾಗಿ ಹಿಡಿಯುತ್ತದೆ. ಕೊಂಡಿ ಕಳಚಿ ಗಾಡಿ ಎರಡು ತುಂಡಾದರೂ ಗಾಳಿ ಹೊರಹೋಗಿ ಎರಡೂ ನಿಲ್ಲುತ್ತವೆ. ಜಾರ್ಜ್ ವೆಸ್ಟಿಂಗ್‌ಹೌಸ್ ಎಂಬವರು 1872ರಲ್ಲಿ ಕಂಡುಹಿಡಿದ ಉಪಾಯ ಇದು. ಆದರೆ ಇಷ್ಟು ಉದ್ದದ ಗಾಡಿಯಲ್ಲಿ ಮುಂದಿನವರ ಮಾತು ಹಿಂದಿನವರಿಗೆ ಮುಟ್ಟಲು ಸಮಯ ಬೇಕು. ಒಮ್ಮೆ ಹಿಡಿದು ಬಿಟ್ಟರೆ ಮತ್ತೆ ಗಾಳಿ ತುಂಬಲು ಇನ್ನೂ ಹೆಚ್ಚು ಸಮಯ ಬೇಕು. ಹೀಗಾಗಿ ತುಂಬಿದ ಗಾಡಿಯ ಡ್ರೈವರ್ ಕಣ್ಣಿಗೆ ಕಾಣುವುದರ ಮೇಲೆ ಗಾಡಿ ಹೊಡೆಯಲಾರ. ಒಂದೂವರೆ, ಎರಡು ಕಿಲೋಮೀಟರ್ ಮುಂದಿರುವುದನ್ನು ಈಗಲೇ ಮನಸ್ಸಿನಲ್ಲಿಟ್ಟುಕೊಂಡು ಹೊಡೆಯಬೇಕು.

ಆ ರಾತ್ರಿ ನಾವು ಐದು ಸಲ ಹೊರಟೆವು, ಐದು ಸಲವೂ ತಪ್ಪಿದೆವು. ಮೂರು ಸಲ ಸಿಗ್ನಲ್ ದಾಟಿತು. ಎರಡು ಸಲ ಹೆದರಿ ಬಹಳ ಮೊದಲೇ ಹಿಡಿದು ಬಯಲಿನಲ್ಲಿ ನಿಂತೆವು. ಮರುದಿನ ಸಂಜೆ ಮೊದಲ ಸಲ ಸರಿಯಾದ ಜಾಗದಲ್ಲಿ ನಿಂತಾಗ ಆದ ಸಂತೋಷವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮೊಮ್ಮಕ್ಕಳನ್ನು ಕಾಣುವ ವಯಸ್ಸು ನಮ್ಮದು.

ಈ ಆಟದಲ್ಲಿ ಇನ್ನೊಂದು ಗುಣವಿದೆ. ಅದು ಕಾಯಿಸುತ್ತದೆ. ಎದುರಿನ ಗಾಡಿ ಬರುವವರೆಗೆ ಲೂಪ್ ಲೈನಿನಲ್ಲಿ ಹನ್ನೆರಡು ನಿಮಿಷ ನಿಲ್ಲಬೇಕೆಂದರೆ ನಿಜವಾಗಿ ಹನ್ನೆರಡು ನಿಮಿಷ ನಿಲ್ಲಬೇಕು. ಇಂದಿನ ಹುಡುಗರು ಮೂವತ್ತು ಸೆಕೆಂಡಿನ ವೀಡಿಯೊವನ್ನೂ ಪೂರ್ತಿ ನೋಡುವುದಿಲ್ಲ ಎಂದು ನಾವೇ ಎಷ್ಟು ಸಲ ದೂರಿದ್ದೇವೆ! ಇವನು ಕೆಂಪು ದೀಪ ನೋಡುತ್ತ ಮಂಡಕ್ಕಿ ತಿನ್ನುತ್ತ ಸುಮ್ಮನೆ ಕುಳಿತಿದ್ದ.

ಅದನ್ನು ನೋಡುವಾಗ ನಮಗೆ 1980ರ ದಶಕದ ಗದಗ–ಸೊಲ್ಲಾಪುರ ಮೀಟರ್‌ಗೇಜ್ ಗಾಡಿ ನೆನಪಾಯಿತು. ಅಬ್ಬಾ ಜತೆ ಆಗಿನ ಬಿಜಾಪುರಕ್ಕೆ, ಅಂದರೆ ಈಗಿನ ವಿಜಯಪುರಕ್ಕೆ ಹೋಗುತ್ತಿದ್ದೆವು. ಕಿಟಕಿಯ ಹತ್ತಿರ ಕುಳಿತರೆ ಎಂಜಿನ್ನಿನ ಕಲ್ಲಿದ್ದಲ ಕಿಡಿಪುಡಿ ಕಣ್ಣಿಗೆ ಬೀಳುತ್ತಿತ್ತು. ಹೊಳೆ ಆಲೂರಿನಲ್ಲಿ ಗಾಡಿ ನಿಂತುಬಿಟ್ಟಿತ್ತು. ಎಷ್ಟು ಹೊತ್ತಾದರೂ ಹೊರಡಲಿಲ್ಲ. ಯಾಕೆ ನಿಂತಿದೆ ಎಂದು ಅಳುದನಿಯಲ್ಲಿ ಕೇಳಿದಾಗ ಅಬ್ಬಾ ಹೇಳಿದ್ದರು: “ಎದುರಿನ ಗಾಡಿ ಬರಬೇಕು ಬೇಟಾ. ಹಳಿ ಒಂದ, ಹೋಗೋರು ಇಬ್ಬರು. ಒಬ್ಬ ನಿಂದ್ರಬೇಕು.” ಸ್ವಲ್ಪ ಹೊತ್ತಿಗೆ ಎದುರಿನ ಗಾಡಿ ಬಂತು. ಅದರ ಡ್ರೈವರ್ ದೊಡ್ಡ ಬಳೆಯಂಥದ್ದೊಂದನ್ನು ಸ್ಟೇಶನ್ ಸಿಬ್ಬಂದಿಗೆ ಕೊಟ್ಟ. ಆ ಬಳೆಯ ಚೀಲದಲ್ಲಿ ಟೋಕನ್ ಇರುತ್ತಿತ್ತು. ಅದು ಕೈಯಲ್ಲಿದ್ದವನಿಗಷ್ಟೇ ಮುಂದಿನ ಸ್ಟೇಶನ್ನಿನವರೆಗಿನ ಹಳಿಯ ಹಕ್ಕು. ಆ ಮಾರ್ಗ 2008ರ ಹೊತ್ತಿಗೆ ಪೂರ್ತಿ ಬ್ರಾಡ್‌ಗೇಜ್ ಆಯಿತು. ಅಬ್ಬಾ ಅದನ್ನು ನೋಡಲು ಇರಲಿಲ್ಲ.

ಮೊದಲ ನಾಲ್ಕು ದಿನದ ಬೆರಗು ಇಳಿದ ಮೇಲೆ ಕೊರತೆಗಳೂ ಕಾಣಿಸತೊಡಗಿದವು. ಪ್ಲಾಟ್‌ಫಾರ್ಮಿನಲ್ಲಿ ಜನ ಇದ್ದಾರೆ. ಆದರೆ ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದ ಹಾಗೆ ನಿಂತಿದ್ದಾರೆ. ಗಾಡಿ ಬಂದಾಗ ಹತ್ತುವುದಿಲ್ಲ, ಇಳಿಯುವುದಿಲ್ಲ. ಗಂಟು ಹೊತ್ತ ಹೆಂಗಸು ಇಲ್ಲ, ಶೇಂಗಾ ಮಾರುವ ಹುಡುಗನಿಲ್ಲ, “ಸ್ವಲ್ಪ ಸರೀರಿ” ಎಂದು ಮೂವರ ಸೀಟಿನಲ್ಲಿ ಐದನೆಯವನಾಗಿ ಕೂರುವವನಿಲ್ಲ. ಅದರಲ್ಲೂ ಹಳಿಯ ಮೇಲೆ ಯಾರೂ ಅಡ್ಡ ಬರುವುದಿಲ್ಲ. ಗದಗದಲ್ಲಿ ನಮಗೆ ಪರಿಚಯದ ಲೋಕೋ ಪೈಲಟ್ ಒಬ್ಬರಿದ್ದಾರೆ. ಫೋನಿನಲ್ಲಿ ಈ ಆಟದ ಸುದ್ದಿ ಹೇಳಿದಾಗ ಅವರು ಮೊದಲು ನಕ್ಕರು. ಆಮೇಲೆ, “ದನ, ಕುರಿ, ಮನುಷ್ಯ ಅಡ್ಡ ಬರೂದಿಲ್ಲ ಅಂದರ ಅದು ರೈಲ ಅಲ್ಲ ಬಿಡ್ರಿ. ನಾವು ಬ್ರೇಕ್ ಹಾಕಿ ಕಣ್ಣ ಮುಚ್ಚಿಕೊಳ್ಳೂದ ಬಿಟ್ಟರ ಏನೂ ಮಾಡಾಕ ಆಗೂದಿಲ್ಲ” ಎಂದರು. ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲಿಲ್ಲದ ಗೇಟುಗಳನ್ನು 2019ರ ಜನವರಿಯೊಳಗೆ ತೆಗೆದುಹಾಕಿದ್ದರಿಂದ ಎಷ್ಟೋ ಜೀವ ಉಳಿದಿದೆ, ಆದರೂ ಹಳಿ ದಾಟುವವರು ದಾಟುತ್ತಲೇ ಇದ್ದಾರೆ ಎಂದರು. ಗೇಟಿನಲ್ಲಿ ನಿಂತು ಬೇಸರಪಟ್ಟುಕೊಂಡ ನಮ್ಮ ಹಳೆಯ ದಿನಗಳ ಬಗ್ಗೆ ನಮಗೆ ಸ್ವಲ್ಪ ಸಂಕೋಚವೇ ಆಯಿತು.

ಇಲ್ಲಿಗೇ ಮುಗಿದಿದ್ದರೆ ಇದು ಒಂದು ಆಟದ ಕಥೆ. ಆದರೆ ಅದೇ ಮೇ 15ರಂದು ಕುಷ್ಟಗಿಗೆ ರೈಲು ಬಂತು. ಗದಗ–ವಾಡಿ ಹೊಸ ಮಾರ್ಗದಲ್ಲಿ ತಳಕಲ್‌ನಿಂದ ಕುಷ್ಟಗಿಯವರೆಗಿನ ಭಾಗ ಶುರುವಾಗಿ, ಅಲ್ಲಿಂದ ಹುಬ್ಬಳ್ಳಿಗೆ ಗಾಡಿ ಹೊರಟಿತು. ರೈಲನ್ನೇ ಕಾಣದ ಊರಿನವರು ಎಂಜಿನ್ನಿಗೆ ಹೂಮಾಲೆ ಹಾಕುವ ಚಿತ್ರ ನೋಡಿ ನಮ್ಮ ಹುಡುಗನಿಗೆ ತಡೆಯಲಾಗಲಿಲ್ಲ.

“ಮುಂಡರಗಿಗೆ ಯಾಕ ಇಲ್ರಿ ಮಾಮಾ?”

ಇದಕ್ಕೆ ನಮ್ಮ ಬಳಿ ಉತ್ತರವಿರಲಿಲ್ಲ. ಗದಗದಿಂದ ಮುಂಡರಗಿ, ಹೂವಿನಹಡಗಲಿ ಮೇಲೆ ಹರಪನಹಳ್ಳಿಗೆ ರೈಲು ಬೇಕೆಂಬ ಬೇಡಿಕೆ ನಮ್ಮ ಭಾಗದಲ್ಲಿ ಹಳೆಯದು. ಮನವಿ ಪತ್ರಗಳನ್ನು ಕೊಟ್ಟ ಕೈಗಳೇ ಮುಪ್ಪಾಗಿವೆ. ನೂರನಲವತ್ತು ವರ್ಷಗಳ ಹಿಂದೆ ಗದಗಕ್ಕೆ ರೈಲು ಬಂದದ್ದಾದರೂ ಹೇಗೆ? 1876–78ರ ಮಹಾ ಬರದಲ್ಲಿ ಈ ಬಯಲುಸೀಮೆಯಲ್ಲಿ ಜನ ಹುಳುಗಳಂತೆ ಸತ್ತರು. ಕಾಳು ಇದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ದಾರಿ ಇರಲಿಲ್ಲ. ಇನ್ನೊಮ್ಮೆ ಹಾಗಾಗಬಾರದೆಂಬ ಲೆಕ್ಕದಲ್ಲಿ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. ಹತ್ತಿ ಸಾಗಿಸುವ ಲಾಭದ ಲೆಕ್ಕವೂ ಅದರೊಳಗೆ ಸೇರಿತ್ತು. ಆಗ ತಪ್ಪಿದ ಊರುಗಳಿಗೆ ಇಂದಿಗೂ ತಪ್ಪಿದೆ.

“ಸರಕಾರ ಹಾಕದಿದ್ದರ ನಾನ ಹಾಕತೀನಿ” ಎಂದು ಹುಡುಗ ರೂಟ್ ಎಡಿಟರ್ ತೆರೆದ. ಅದೂ ಒಬ್ಬ ಹವ್ಯಾಸಿ ಬರೆದು ಪುಕ್ಕಟೆ ಕೊಟ್ಟ ತಂತ್ರಾಂಶ. ಭೂಮಿಯ ಏರುತಗ್ಗಿನ ಅಂಕಿಗಳನ್ನು ಅದಕ್ಕೆ ಕೊಟ್ಟರೆ ನಿಜವಾದ ನೆಲದ ಆಕಾರ ತಯಾರಾಗುತ್ತದೆ. ಆ ನೆಲದ ಮೇಲೆ ಹಳಿ ಹಾಸುತ್ತ ಹೋಗಬಹುದು. ಎರಡು ದಿನದಲ್ಲಿ ಗದಗದಿಂದ ಡಂಬಳದವರೆಗೆ ಬಂದ. ಬಲಗಡೆ ಕಪ್ಪತಗುಡ್ಡ ನಮ್ಮ ಕಣ್ಣಿಗೆ ಗುರುತು ಸಿಗುವ ಹಾಗೆಯೇ ಎದ್ದು ನಿಂತಿತ್ತು. ಗುಡ್ಡದ ಮೇಲೆ ಹಾಸಿದರೆ ನೋಟ ಚೆನ್ನಾಗಿರುತ್ತದೆ ಎಂದು ಒಮ್ಮೆ ಪ್ರಯತ್ನಿಸಿದ. ತುಂಬಿದ ಗಾಡಿ ಏರಲಿಲ್ಲ. ಸಾಮಾನ್ಯವಾಗಿ ನೂರು ಮೀಟರಿಗೆ ಒಂದು ಮೀಟರಿನ ಏರು ಮೀರದಂತೆ ರೈಲ್ವೆಯವರು ನೋಡಿಕೊಳ್ಳುತ್ತಾರೆ. ಕ್ಯಾಸಲ್‌ರಾಕ್ ಘಟ್ಟದಲ್ಲಿ 37ಕ್ಕೆ ಒಂದು ಇರುವುದರಿಂದಲೇ ಅಲ್ಲಿ ಗಾಡಿಗೆ ಹೆಚ್ಚಿನ ಎಂಜಿನ್ ಕಟ್ಟುತ್ತಾರೆ. ಅಲ್ಲದೆ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. “ಗುಡ್ಡದ ತಂಟಿಗೆ ಹೋಗಬ್ಯಾಡ” ಎಂದೆವು. ಗುಡ್ಡವನ್ನು ಬಿಟ್ಟು ಬಯಲಲ್ಲಿ ಮುಂಡರಗಿಗೆ ತಂದ. ಅಲ್ಲಿಂದ ನಮ್ಮೂರಿಗೆ.

ಹಳಿ ಹಮ್ಮಿಗಿ ಮುಟ್ಟಿದ ಸಂಜೆ ನಾವು ಪರದೆಯಲ್ಲಿ ಊರು ಹುಡುಕಿದೆವು. ಮನೆಗಳಿನ್ನೂ ಇರಲಿಲ್ಲ. ಅವುಗಳನ್ನು ಒಂದೊಂದಾಗಿ ಇಡಬೇಕು. ಹೊಳೆ ಮಾತ್ರ ಇತ್ತು. ಆದರೆ ಏನೋ ಸರಿಯಿರಲಿಲ್ಲ. ಹೊಳೆ ಸಣ್ಣದಾಗಿ, ತನ್ನ ಪಾಡಿಗೆ ತಾನು ಹೋಗುತ್ತಿತ್ತು. ದಂಡೆ ಎರಡೂ ಕಡೆ ಅಗಲವಾಗಿ ಒಣಗಿ ನಿಂತಿತ್ತು.

“ಬ್ಯಾರೇಜ್ ಎಲ್ಲೈತೋ?”

ಹುಡುಗನೂ ಗಮನಿಸಿರಲಿಲ್ಲ. ಸ್ವಲ್ಪ ಹೊತ್ತು ಹುಡುಕಿ ಕಾರಣ ಕಂಡುಹಿಡಿದ. ಅವನು ಬಳಸಿದ ಏರುತಗ್ಗಿನ ಅಂಕಿಗಳು 2000ನೇ ಇಸವಿಯವು. ಆ ವರ್ಷದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಅಮೆರಿಕದ ಬಾಹ್ಯಾಕಾಶ ನೌಕೆ 11 ದಿನ ಭೂಮಿಯನ್ನು ಸುತ್ತಿ, ರೇಡಾರ್ ಅಲೆಗಳನ್ನು ಕಳಿಸಿ, ಜಗತ್ತಿನ ನೆಲದಲ್ಲಿ ಸುಮಾರು ನೂರಕ್ಕೆ ಎಂಬತ್ತು ಭಾಗದ ಎತ್ತರವನ್ನು ಅಳೆಯಿತು. ಇಂದಿಗೂ ಎಷ್ಟೋ ನಕಾಶೆಗಳಿಗೆ, ಇಂಥ ಆಟಗಳಿಗೆ ಅದೇ ಅಳತೆ ಆಧಾರ. ಹಮ್ಮಿಗಿಯ ಬ್ಯಾರೇಜಿನಲ್ಲಿ ನೀರು ನಿಂತದ್ದು ಅದಾಗಿ ವರ್ಷಗಳ ನಂತರ. ಅಂದರೆ ಪರದೆಯಲ್ಲಿದ್ದದ್ದು ಮುಳುಗುವ ಮೊದಲಿನ ನಮ್ಮ ಹೊಳೆ ದಂಡೆ.

ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಸಿಂಗಟಾಲೂರು ಏತ ನೀರಾವರಿ ಯೋಜನೆಗಾಗಿ ನಮ್ಮೂರ ಹತ್ತಿರ ಕಟ್ಟಿದ ಈ ಬ್ಯಾರೇಜಿನಲ್ಲಿ ಸುಮಾರು 3 ಟಿಎಂಸಿ ಅಡಿ ನೀರು ನಿಲ್ಲಿಸಬಹುದು. ಒಣಭೂಮಿಗೆ ನೀರು ಕೊಡುವುದಷ್ಟೇ ಅಲ್ಲ, ಗದಗ–ಬೆಟಗೇರಿಯ ನಲ್ಲಿಗಳಿಗೂ ಇಲ್ಲಿಂದಲೇ ನೀರು ಹೋಗುತ್ತದೆ. ಬೇಸಿಗೆಯಲ್ಲಿ ಹನಿ ನೀರಿಗೆ ಕೊಡ ಹಿಡಿದು ನಿಂತಿದ್ದ ಅವಳಿನಗರದ ತಾಯಂದಿರಿಗೆ ಇದರ ಬೆಲೆ ಗೊತ್ತು. ನಾವು ಇದನ್ನು ಅಲ್ಲಗಳೆಯುವವರಲ್ಲ. ಆದರೆ ನೀರು ನಿಲ್ಲಲು ಜಾಗ ಬೇಕು. ಬಿದರಳ್ಳಿ, ಗುಮ್ಮಗೋಳ, ವಿಠಲಾಪುರ ಹೀಗೆ ಮುಳುಗಡೆಯ ಪಟ್ಟಿಗೆ ಸೇರಿದ ಹಳ್ಳಿಗಳು. ನಮ್ಮ ಅಮ್ಮಿಯ ತವರು ಅವುಗಳಲ್ಲಿ ಒಂದು. ಅವರ ಅಬ್ಬಾನ ಹೊಳೆದಂಡೆಯ ಎರಿ ಹೊಲ ಹಿನ್ನೀರಿಗೆ ಹೋಯಿತು.

ನಾವು ಕರೆಯಬೇಕೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ಹುಡುಗ ಕೂಗಿಬಿಟ್ಟ: “ನಾನಿ, ಬರ್ರಿ ಇಲ್ಲೆ. ನಿಮ್ಮ ಹೊಳಿ ನೋಡ್ರಿ.”

ಅಮ್ಮಿ ಕನ್ನಡಕ ಹಾಕಿಕೊಂಡು ಬಂದರು. ಪರದೆಯ ಮೇಲಿದ್ದದ್ದು ಹಸಿರು ಬಣ್ಣ ಬಳಿದ ಬರೀ ನೆಲ. ಆ ಅಳತೆಯಲ್ಲಿ ಮೂವತ್ತು ಮೀಟರಿಗೊಂದು ಚುಕ್ಕೆ, ಅಷ್ಟೇ. ಬದು ಕಾಣುವುದಿಲ್ಲ, ಬಾವಿ ಕಾಣುವುದಿಲ್ಲ. ಆದರೂ ಹೊಳೆ ತಿರುಗುವ ಡೊಂಕು, ದಂಡೆ ಇಳಿಯುವ ಇಳಿಜಾರು ನಿಜವಾದವೇ. ಅಮ್ಮಿ ಬಹಳ ಹೊತ್ತು ಮಾತಾಡದೆ ನೋಡಿದರು. ಆಮೇಲೆ ಬೆರಳನ್ನು ಪರದೆಗೆ ತಾಕಿಸಿಯೇ ತೋರಿಸಿದರು.

“ಇಲ್ಲೆ ಹೊಳಿ ತಿರಗತೈತಿ. ಇದರ ಮ್ಯಾಲ ನಮ್ಮ ಹೊಲ. ಇಲ್ಲೆ ಒಂದು ಬೇವಿನ ಗಿಡ ಇತ್ತು. ಅಬ್ಬಾ ಅದರ ಕೆಳಗ ಊಟಾ ಮಾಡತಿದ್ದರು.”

ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: “ಈ ಕರಿ ಗೆರಿ ಏನದು?”

ಅದು ಹುಡುಗನ ಹಳಿ. ಹೊಳೆ ದಾಟಿಸಿ ಹಡಗಲಿ ಕಡೆ ಒಯ್ಯಲು ಹೊಳೆ ಕಿರಿದಾಗಿರುವ ಜಾಗ ನೋಡಿ ಅವನು ಊರಿಗಿಂತ ಸ್ವಲ್ಪ ಮೇಲೆ ಸೇತುವೆ ಇಟ್ಟಿದ್ದ. ಅಮ್ಮಿ ತೋರಿಸಿದ ಜಾಗದ ನಟ್ಟನಡುವೆ ಹಳಿ ಹಾಯ್ದಿತ್ತು.

“ಯಾರ ಹೊಲದಾಗ ಹಾಕೀ ಬೇಟಾ?”

“ನಾನಿ, ಇದರಾಗ ಹೊಲಾನ ಇಲ್ರಿ. ಬರೇ ನೆಲ ಐತಿ.”

“ಅವರೂ ಹಂಗ ಅಂದಿದ್ದರು” ಎಂದರು ಅಮ್ಮಿ. ಸಿಟ್ಟಿನಿಂದ ಹೇಳಲಿಲ್ಲ. ಅಕ್ಕಿಯಲ್ಲಿ ಕಲ್ಲು ಸಿಕ್ಕಾಗ ತೆಗೆದಿಡುವ ಹಾಗೆ ಹೇಳಿದರು.

ಹುಡುಗ ತಬ್ಬಿಬ್ಬಾದ. ನಮಗೂ ಮಾತು ಹೊರಡಲಿಲ್ಲ. ಹತ್ತು ದಿನದಿಂದ ಈ ಆಟದಲ್ಲಿ ನಾವು ಮೆಚ್ಚಿದ್ದು ಅದರ ನಿಖರತೆಯನ್ನು. ಗಾಳಿಯ ಒತ್ತಡ ಸರಿ, ಏರಿನ ಲೆಕ್ಕ ಸರಿ, ಕೊಂಡಿಯ ಸದ್ದು ಸರಿ. ನೆಲದ ಎತ್ತರವನ್ನಂತೂ ಆಕಾಶದಿಂದಲೇ ಅಳೆದು ತಂದಿದ್ದಾರೆ. ಆದರೆ ಆ ಅಳತೆಯಲ್ಲಿ ಒಡೆಯನ ಹೆಸರಿಲ್ಲ, ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದವನಿಲ್ಲ. ಅದು ಆಟದ ತಪ್ಪಲ್ಲ. ಆಟ ಮಾಡಿದವರು ರೈಲು ಓಡಿಸುವುದನ್ನು ಕಲಿಸುತ್ತೇವೆಂದರು, ಅದನ್ನು ಪ್ರಾಮಾಣಿಕವಾಗಿ ಕಲಿಸಿದರು. ಆದರೆ ನಿಜವಾದ ಯೋಜನೆಗಳೂ ಮೊದಲು ಇಂಥದ್ದೇ ಒಂದು ನಕಾಶೆಯ ಮೇಲೆ ಹುಟ್ಟುತ್ತವೆ. ಗೆರೆ ಎಳೆಯುವವರು ಕೆಟ್ಟವರೇ ಆಗಿರಬೇಕೆಂದಿಲ್ಲ. ನಮ್ಮ ಹುಡುಗನಂತೆ ಊರಿಗೆ ಒಳ್ಳೆಯದಾಗಲಿ ಎಂಬ ಆಸೆಯಿಂದಲೇ ಎಳೆದಿರಬಹುದು. ಅವರ ಕಣ್ಣೆದುರಿನ ನೆಲದಲ್ಲಿ ಮನುಷ್ಯರಿರುವುದಿಲ್ಲ, ಅಷ್ಟೇ. ಭೂಮಿ ವಶಪಡಿಸಿಕೊಳ್ಳುವ 1894ರ ಕಾನೂನು ಹೋಗಿ, ಪುನರ್ವಸತಿಯ ಹಕ್ಕನ್ನೂ ಹೇಳುವ ಹೊಸ ಕಾನೂನು 2013ರಲ್ಲಿ ಬರಬೇಕಾದರೆ ನೂರಾ ಹತ್ತೊಂಬತ್ತು ವರ್ಷ ಬೇಕಾಯಿತು. ರಿಬ್ಬಲ್‌ಹೆಡ್ ಸೇತುವೆಯ ಹತ್ತಿರದ ಗುಡಿಸಲುಗಳು ಆಗ ನಮಗೆ ಮತ್ತೆ ನೆನಪಾದವು.

ಹುಡುಗ ಸಣ್ಣ ದನಿಯಲ್ಲಿ ಕೇಳಿದ: “ನಾನಿ, ರೈಲ ಬ್ಯಾಡೇನ್ರಿ ಹಂಗಾರ?”

“ಬ್ಯಾಡ ಅಂತ ಯಾರಂದರು? ಬರಲಿ. ನಿಮ್ಮವ್ವನ ಹೆರಿಗಿ ಹೊತ್ತಿನ್ಯಾಗ ಗದಗಿಗೆ ಬಸ್ಸಿನ್ಯಾಗ ಹೋಗೂದರಾಗ ಜೀವ ಬಾಯಿಗೆ ಬಂದಿತ್ತು. ರೈಲ ಬರಲಿ. ಕೇಳಿ ಬರಲಿ.”

ಇಷ್ಟು ಹೇಳಿ ಅಮ್ಮಿ ರೊಟ್ಟಿ ಬಡಿಯಲು ಒಳಗೆ ಹೋದರು.

ಹುಡುಗ ಆ ರಾತ್ರಿ ಸೇತುವೆಯ ಹತ್ತಿರದ ಮೂರು ಕಿಲೋಮೀಟರ್ ಹಳಿಯನ್ನು ಅಳಿಸಿದ. ಮರುದಿನ ಬೆಳಿಗ್ಗೆಯಿಂದ ಮತ್ತೆ ಹಾಸಿದ. ಹೊಲವನ್ನು ಬಳಸಿಕೊಂಡು ಹೋಗಲು ಬಿಗಿಯಾದ ತಿರುವು ಕೊಡಬೇಕಾಯಿತು. ಅಂಥ ತಿರುವಿನಲ್ಲಿ ವೇಗವಾಗಿ ಹೋದರೆ ಗಾಡಿ ಉರುಳುತ್ತದೆ. ಅದಕ್ಕಾಗಿ ಗಂಟೆಗೆ 30 ಕಿಲೋಮೀಟರ್ ಎಂದು ಬರೆದ ಹಲಗೆ ನೆಟ್ಟ. ನಾನಿಯನ್ನು ಕರೆದು, “ಈಗ ಸರಿ ಆತೇನ್ರಿ?” ಎಂದು ಕೇಳಿದ. ಅಮ್ಮಿ ಬೇವಿನ ಗಿಡ ಎಲ್ಲಿ ಎಂದರು. ಅವನ ಸಂಗ್ರಹದಲ್ಲಿದ್ದ ಗಿಡಗಳೆಲ್ಲ ಇಂಗ್ಲೆಂಡು, ಅಮೆರಿಕದವು. ಪೈನ್ ಇತ್ತು, ಓಕ್ ಇತ್ತು, ಬೇವು ಇರಲಿಲ್ಲ. ಹುಡುಗ ಹಿತ್ತಲಿಗೆ ಹೋಗಿ ನಮ್ಮ ಮನೆಯ ಬೇವಿನ ಗಿಡದ ಫೋಟೋ ತೆಗೆದುಕೊಂಡು ಬಂದ. ಅದರ ಸುತ್ತಲಿನ ಗೋಡೆ, ಬಟ್ಟೆ ಒಣಹಾಕಿದ ಹಗ್ಗ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕತ್ತರಿಸಿ ತೆಗೆಯಲು ಅವನಿಗೆ ಅರ್ಧ ದಿನ ಹಿಡಿಯಿತು. ಅಮ್ಮಿ ಹಿಂದೆ ನಿಂತು, “ಇನ್ನೂ ಸ್ವಲ್ಪ ಹೊಳಿ ಕಡೆ” ಎಂದಾಗ ಸರಿಸಿ ಸರಿಸಿ ಅದನ್ನು ನೆಟ್ಟ.

ರಜೆ ಮುಗಿದು ಅವನು ಹುಬ್ಬಳ್ಳಿಗೆ ಹೋದ. ಹೋಗುವಾಗ ಆ ಮಾರ್ಗವನ್ನು ನಮ್ಮ ಹಳೆಯ ಕಂಪ್ಯೂಟರಿಗೂ ಹಾಕಿಕೊಟ್ಟಿದ್ದಾನೆ. ಊರಿನ ಮನೆಗಳನ್ನು ಮುಂದಿನ ರಜೆಯಲ್ಲಿ ಇಡುತ್ತಾನಂತೆ. ಪ್ರತಿ ಮನೆಯವರನ್ನೂ ಕೇಳಿ ಬರೆದುಕೊಂಡಿಡಿ ಎಂದು ನಮಗೆ ಕೆಲಸ ಹಚ್ಚಿದ್ದಾನೆ. ಸಂಜೆ ಬಿಡುವಿದ್ದಾಗ ನಾವು ಗದಗದಿಂದ ಒಂದು ಗಾಡಿ ಹೊರಡಿಸುತ್ತೇವೆ. ಡಂಬಳ ದಾಟಿ, ಮುಂಡರಗಿಯಲ್ಲಿ ನಿಂತು, ನಮ್ಮೂರಿನ ಕಡೆಗೆ ಬರುತ್ತೇವೆ. ಆ ತಿರುವು ಎರಡು ಕಿಲೋಮೀಟರ್ ಇರುವಾಗಲೇ ಬ್ರೇಕ್ ಹಿಡಿಯುತ್ತೇವೆ. ಹಲಗೆ ಬರುವಷ್ಟರಲ್ಲಿ ವೇಗ ಸರಿಯಾಗಿ 30ಕ್ಕೆ ಇಳಿದಿರುತ್ತದೆ. ಈಗ ತಪ್ಪುವುದಿಲ್ಲ.